ವಿಶೇಷ ಶಿಕ್ಷಕರಾಗಲು ಹೊರಟವರಿಗೆ: ಕೋರ್ಸಿನಿಂದ ನೋಂದಣಿವರೆಗೆ

ಪಿಯುಸಿ ರಿಸಲ್ಟ್ ಬಂದ ವಾರ ನನಗೆ ಫೋನ್ ಜಾಸ್ತಿ. ಅರಸೀಕೆರೆಯಿಂದ ಒಬ್ಬರು, ಬೇಲೂರಿನಿಂದ ಒಬ್ಬರು, ಮೂಡಿಗೆರೆ ಕಡೆಯಿಂದ ಇನ್ನೊಬ್ಬರು. ಎಲ್ಲರೂ ಕೇಳುವುದು ಒಂದೇ: "ಮೇಡಂ, ಸ್ಪೆಷಲ್ ಟೀಚರ್ ಆಗೋಕೆ ಏನು ಓದಬೇಕು? ಎಲ್ಲಿ ಸೇರಬೇಕು?" ಹತ್ತು ನಿಮಿಷದ ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಕೂತು ಬರೆದಿದ್ದೇನೆ. ನಾನು ಹಾಸನ ಜಿಲ್ಲೆಯಲ್ಲಿ ಬೌದ್ಧಿಕ ನ್ಯೂನತೆ ಇರುವ ಮಕ್ಕಳಿಗೆ ಕಲಿಸುವವಳು. ನನಗೆ ಗೊತ್ತಿರುವ ದಾರಿಯನ್ನು ಮೊದಲಿನಿಂದ ಹೇಳುತ್ತೇನೆ.

ನಾನೇ ಮೊದಲು ಎಡವಿದ್ದೆ, ಅದನ್ನು ಹೇಳಿ ಮುಂದೆ ಹೋಗುತ್ತೇನೆ. ಪಿಯುಸಿ ಆದ ಮೇಲೆ ಒಂದು ಸಂಸ್ಥೆಯ ಕರಪತ್ರ ನೋಡಿ ಆರು ತಿಂಗಳ "ವಿಶೇಷ ಶಿಕ್ಷಕರ ತರಬೇತಿ"ಗೆ ಸೇರಿದೆ. ಫೀಸು 18 ಸಾವಿರ. ಆ ವರ್ಷ ಶುಂಠಿ ಕಿತ್ತು ಬಂದ ದುಡ್ಡಿನಲ್ಲಿ ನಮ್ಮಪ್ಪ ಕಟ್ಟಿದ್ದರು. ಕೊನೆಗೆ ಚಿನ್ನದ ಬಣ್ಣದ ಅಂಚಿರುವ ಸರ್ಟಿಫಿಕೇಟ್ ಕೊಟ್ಟರು. ಅದನ್ನು ಹಿಡಿದುಕೊಂಡು ಒಂದು ವಿಶೇಷ ಶಾಲೆಗೆ ಕೆಲಸ ಕೇಳಲು ಹೋದೆ. ಅಲ್ಲಿನ ಹೆಡ್‌ಮಿಸ್ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸಿಆರ್‌ಆರ್ ನಂಬರ್ ಎಲ್ಲಮ್ಮ?" ಅಂದರು. ಆ ಮಾತನ್ನು ನಾನು ಕೇಳಿದ್ದೇ ಅವತ್ತು.

ಈ ಲೇಖನ ಪೂರ್ತಿ ಆ ನಂಬರಿನ ಸುತ್ತಲೇ ಇದೆ.

ಆ ನಂಬರ್ ಅಂದರೆ ಏನು

ನಮ್ಮ ದೇಶದಲ್ಲಿ ಸಾಮಾನ್ಯ ಶಿಕ್ಷಕರ ತರಬೇತಿಯನ್ನು ನೋಡಿಕೊಳ್ಳುವುದು ಎನ್‌ಸಿಟಿಇ. ವಿಶೇಷ ಶಿಕ್ಷಕರದ್ದು ಬೇರೆ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಇದೆ. ಎಲ್ಲರೂ ಆರ್‌ಸಿಐ ಅಂತಲೇ ಕರೆಯುತ್ತಾರೆ. 1992ರ ಕಾಯ್ದೆಯಿಂದ ಅದಕ್ಕೆ ಅಧಿಕಾರ ಬಂತು. ಯಾವ ಕೋರ್ಸಿಗೆ ಮಾನ್ಯತೆ, ಯಾವ ಸಂಸ್ಥೆಗೆ ಎಷ್ಟು ಸೀಟು, ಪಾಠ ಏನಿರಬೇಕು, ಎಲ್ಲ ಅವರೇ ತೀರ್ಮಾನ ಮಾಡುತ್ತಾರೆ. ಅವರು ಒಪ್ಪಿದ ಕೋರ್ಸ್ ಮುಗಿಸಿದವರ ಹೆಸರು ಕೇಂದ್ರ ಪುನರ್ವಸತಿ ರಿಜಿಸ್ಟರ್‌ಗೆ ಸೇರುತ್ತದೆ. ಅದೇ ಸಿಆರ್‌ಆರ್. ಹೆಸರು ಸೇರಿದ ಮೇಲೆ ನಿಮಗೊಂದು ನೋಂದಣಿ ನಂಬರ್ ಸಿಗುತ್ತದೆ.

ಇದು ಸುಮ್ನೆ ಒಂದು ಗುರುತಿನ ಚೀಟಿ ಅಂದುಕೊಳ್ಳಬೇಡಿ. ರಿಜಿಸ್ಟರ್‌ನಲ್ಲಿ ಹೆಸರಿಲ್ಲದೆ ಈ ವೃತ್ತಿ ಮಾಡುವವರಿಗೆ ಒಂದು ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು ಅಂತ ಕಾಯ್ದೆಯ 13ನೇ ಕಲಮು ಹೇಳುತ್ತದೆ. ಜೈಲಿನ ಮಾತು ಹಾಗಿರಲಿ. ನಂಬರ್ ಇಲ್ಲದಿದ್ದರೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವ ಹಾಗೇ ಇಲ್ಲ. ಒಳ್ಳೆಯ ಖಾಸಗಿ ಶಾಲೆಯವರೂ ಮೊದಲು ಕೇಳುವುದು ಅದನ್ನೇ.

ಮೊದಲ ಹೆಜ್ಜೆ: ಮಕ್ಕಳ ಜೊತೆ ಕೂತು ಬನ್ನಿ

ಅರ್ಜಿ ಆಮೇಲೆ. ಮೊದಲು ನಿಮ್ಮ ತಾಲ್ಲೂಕಿನ ಬಿಆರ್‌ಸಿಗೆ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ. ಬಿಇಒ ಕಚೇರಿಯಲ್ಲಿ ಕೇಳಿದರೆ ಎಲ್ಲಿದೆ ಅಂತ ತೋರಿಸುತ್ತಾರೆ. ಅಲ್ಲಿ ಬಿಐಇಆರ್‌ಟಿ ಅಂತ ಶಿಕ್ಷಕರಿರುತ್ತಾರೆ. ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಓದುವ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವುದು ಅವರ ಕೆಲಸ. ಶಾಲೆಗೆ ಬರಲು ಆಗದ ಮಕ್ಕಳಿಗೆ ಮನೆಗೇ ಹೋಗಿ ಕಲಿಸುವ ಗೃಹಾಧಾರಿತ ಶಿಕ್ಷಣವೂ ಅವರ ಉಸ್ತುವಾರಿಯಲ್ಲೇ ನಡೆಯುತ್ತದೆ. "ಸರ್, ನಾನು ಈ ಕೋರ್ಸಿಗೆ ಸೇರಬೇಕು ಅಂತಿದ್ದೇನೆ, ಕೆಲವು ದಿನ ಬಂದು ನೋಡಬಹುದಾ?" ಅಂತ ಕೇಳಿ. ಊರಿನ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ. ಯಾವ ಮನೆಯಲ್ಲಿ ಎಂಥ ಮಗು ಇದೆ ಅಂತ ಅವರಿಗೆ ಗೊತ್ತು. ಅವರ ಜೊತೆ ಒಂದೆರಡು ಮನೆಗೆ ಹೋಗಿ ಬಂದರೆ ಪುಸ್ತಕದಲ್ಲಿ ಸಿಗದ್ದು ಕಣ್ಣಿಗೆ ಬೀಳುತ್ತದೆ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಕೋರ್ಸಿಗೆ ಸೇರುವಾಗಲೇ ನೀವು ಒಂದು ವಿಭಾಗ ಆರಿಸಿಕೊಳ್ಳಬೇಕು: ಶ್ರವಣ ದೋಷ, ದೃಷ್ಟಿ ದೋಷ, ಬೌದ್ಧಿಕ ಮತ್ತು ಬೆಳವಣಿಗೆಯ ನ್ಯೂನತೆ, ಹೀಗೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ನ್ಯೂನತೆಗೂ ಕೋರ್ಸುಗಳಿವೆ. ಒಮ್ಮೆ ಸೇರಿದ ಮೇಲೆ ಬದಲಾಯಿಸುವುದು ಕಷ್ಟ. ನಿಮ್ಮ ನೋಂದಣಿಯೂ ಆ ವಿಭಾಗದ ಹೆಸರಿನಲ್ಲೇ ಆಗುತ್ತದೆ. "ಯಾವುದರಲ್ಲಿ ಸೀಟು ಸಿಗುತ್ತೋ ಅದು" ಅಂತ ಸೇರಿದವರು ಎರಡನೇ ವರ್ಷದಲ್ಲಿ ಬಿಟ್ಟು ಹೋಗಿದ್ದನ್ನು ನಾನು ನೋಡಿದ್ದೇನೆ. ಒಂದೊಂದೂ ಬೇರೆ ಬೇರೆ ಕೆಲಸ ಸ್ವಾಮಿ.

ದೃಷ್ಟಿ ದೋಷದ ವಿಭಾಗಕ್ಕೆ ಹೋದರೆ ಬ್ರೈಲ್ ಕೈಗೆ ಹತ್ತಬೇಕು. ಒಂದು ಮನೆಗೆ ಆರು ಚುಕ್ಕಿ, ಅಷ್ಟರಲ್ಲೇ ಎಲ್ಲ ಅಕ್ಷರ. ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಬಂತು. ಕನ್ನಡದ "ಕ" ಅಂದರೆ 1 ಮತ್ತು 3ನೇ ಚುಕ್ಕಿ. "ಮರ" ಅಂತ ಬರೆಯಲು ಎರಡೇ ಮನೆ ಸಾಕು. ಆದರೆ ಸ್ಲೇಟಿನಲ್ಲಿ ಕಾಗದ ಸಿಕ್ಕಿಸಿ ಚುಚ್ಚುವಾಗ ಬಲದಿಂದ ಎಡಕ್ಕೆ ಬರೆಯಬೇಕು. ಕಾಗದ ತಿರುಗಿಸಿದಾಗ ಉಬ್ಬಿದ ಚುಕ್ಕಿ ಬೆರಳಿಗೆ ಎಡದಿಂದ ಬಲಕ್ಕೆ ಸಿಗುತ್ತದೆ. ನನ್ನ ಗೆಳತಿಯೊಬ್ಬಳು ಮೊದಲ ತಿಂಗಳು ಎಲ್ಲ ಅಕ್ಷರವನ್ನೂ ಕನ್ನಡಿಯೊಳಗೆ ನೋಡಿದ ಹಾಗೆ ಉಲ್ಟಾ ಬರೆದು ಅಳುತ್ತಿದ್ದಳು. ಈಗ ಮಾತಾಡುತ್ತಾ ಮಾತಾಡುತ್ತಲೇ ಒಂದು ಪುಟ ಚುಚ್ಚುತ್ತಾಳೆ.

ಶ್ರವಣ ದೋಷಕ್ಕೆ ಹೋಗುವವರು ಭಾರತೀಯ ಸನ್ನೆ ಭಾಷೆಯನ್ನು ಈಗಿನಿಂದಲೇ ಕಲಿಯಲು ಶುರು ಮಾಡಿ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದವರು 10,000 ಪದಗಳ ವಿಡಿಯೋ ನಿಘಂಟು ಮಾಡಿದ್ದಾರೆ. ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತದೆ. ದಿನಕ್ಕೆ ಐದು ಪದ ಸಾಕು.

ಇನ್ನು ನನ್ನ ವಿಭಾಗ. ಆಲೂರು ಕಡೆ ಒಂದು ಮನೆಯಲ್ಲಿ ಹನ್ನೊಂದು ವರ್ಷದ ಹುಡುಗನಿದ್ದ. ಮೊದಲ ದಿನ ಹೋದಾಗ ಅವನ ಅಜ್ಜಿ ಕಾಫಿ ಕೊಟ್ಟು, "ಇವ್ನ್ ಕೈಲಿ ಏನಾಯ್ತದೆ ಟೀಚರಮ್ಮ? ಅಂಗಿ ಗುಂಡಿನೂ ನಾನೇ ಹಾಕ್ಬೇಕು" ಅಂದರು. ನಾನು ಅಕ್ಷರದ ಪುಸ್ತಕವನ್ನು ಬ್ಯಾಗಿಗೆ ವಾಪಸ್ ಹಾಕಿದೆ. ಗುಂಡಿಯಿಂದಲೇ ಶುರು ಮಾಡಿದೆವು. ಗುಂಡಿ ಹಾಕುವುದು ಒಂದು ಕೆಲಸ ಅಂತ ನಮಗೆ ಅನ್ನಿಸುತ್ತದೆ. ಬಿಡಿಸಿ ನೋಡಿದರೆ ಅದರಲ್ಲಿ ಐದಾರು ಕೆಲಸಗಳಿವೆ. ಗುಂಡಿಯ ಅಂಚು ಹಿಡಿಯಬೇಕು, ಕಾಜ ಹುಡುಕಬೇಕು, ಗುಂಡಿಯನ್ನು ಓರೆ ಮಾಡಬೇಕು, ಅರ್ಧ ತೂರಿಸಬೇಕು, ಆ ಕಡೆಯಿಂದ ಇನ್ನೊಂದು ಕೈಯಲ್ಲಿ ಹಿಡಿದು ಎಳೆಯಬೇಕು. ನಾವು ಕೊನೆಯಿಂದ ಕಲಿಸುತ್ತೇವೆ. ಎಲ್ಲವನ್ನೂ ನಾನೇ ಮಾಡಿ, ಎಳೆಯುವುದನ್ನು ಮಾತ್ರ ಅವನಿಗೆ ಬಿಟ್ಟೆ. ಎಳೆದ, ಗುಂಡಿ ಕೂತಿತು, ನಕ್ಕ. ಕೆಲಸ ಮುಗಿಸಿದ ಖುಷಿ ಮೊದಲ ದಿನವೇ ಅವನದಾಯಿತು. ಅದು ಸಲೀಸಾದ ಮೇಲೆ ಅದಕ್ಕಿಂತ ಹಿಂದಿನ ಹೆಜ್ಜೆ. ಮೊದಲು ಕೋಟಿನ ದೊಡ್ಡ ಗುಂಡಿ, ಆಮೇಲೆ ಅಂಗಿಯದ್ದು. ಏಳು ವಾರ ಹಿಡಿಯಿತು. ಎಂಟನೇ ವಾರ ಹೋದಾಗ ಅಜ್ಜಿ ಜಗಲಿಯಲ್ಲೇ ನಿಂತು, ನಾನು ಗೇಟು ತೆಗೆಯುವ ಮೊದಲೇ ಸುದ್ದಿ ಹೇಳಿದರು.

ಏಳು ವಾರಕ್ಕೆ ಐದು ಗುಂಡಿ ಅಂದರೆ ನಿಮಗೆ ಸಂತೋಷ ಆಗುತ್ತದಾ, ಬೇಜಾರು ಆಗುತ್ತದಾ? ಹದಿನೈದು ದಿನ ಮಕ್ಕಳ ಜೊತೆ ಕೂತರೆ ನಿಮಗೇ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಫೀಸು ಕಟ್ಟಿ.

ಎರಡನೆಯದು: ನಿಮ್ಮ ಓದಿಗೆ ಯಾವ ಕೋರ್ಸ್

ಪಿಯುಸಿ ಮುಗಿಸಿದವರಿಗೆ ವಿಶೇಷ ಶಿಕ್ಷಣದ ಡಿ.ಎಡ್. ಅನ್ನುವ ಡಿಪ್ಲೊಮಾ ಇದೆ, ಎರಡು ವರ್ಷ. ಪಿಯುಸಿಯಲ್ಲಿ ಶೇಕಡಾ 50 ಅಂಕ ಇರಬೇಕು. ಯಾವ ವಿಷಯ ಓದಿದ್ದರೂ ಆಗುತ್ತದೆ. ಇದು 1ರಿಂದ 5ನೇ ತರಗತಿಯ ಮಟ್ಟಕ್ಕೆ.

ಡಿಗ್ರಿ ಆದವರಿಗೆ ವಿಶೇಷ ಶಿಕ್ಷಣದ ಬಿ.ಎಡ್. ಇದಕ್ಕೂ ಶೇಕಡಾ 50. ಮೊದಲು ಒಂದು ವರ್ಷ ಇತ್ತು, 2015ರಿಂದ ಎರಡು ವರ್ಷ ಆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಬಿ.ಎಡ್. ನಾಲ್ಕು ವರ್ಷದ ಕೋರ್ಸಿನ ಕಡೆ ಹೊರಳುತ್ತಿದೆ. ಹಾಗಾಗಿ ನೀವು ಸೇರುವ ವರ್ಷಕ್ಕೆ ಆ ಕಾಲೇಜಿನಲ್ಲಿ ಒಪ್ಪಿಗೆ ಇರುವುದು ಎರಡು ವರ್ಷದ್ದಕ್ಕಾ, ನಾಲ್ಕು ವರ್ಷದ್ದಕ್ಕಾ ಅಂತ ಕೇಳಿಕೊಂಡೇ ಮುಂದೆ ಹೋಗಿ. ಡಿ.ಎಡ್., ಬಿ.ಎಡ್. ಎರಡರಲ್ಲೂ ಮೀಸಲಾತಿ ವರ್ಗದವರಿಗೂ ಅಂಗವಿಕಲ ಅಭ್ಯರ್ಥಿಗಳಿಗೂ ನಿಯಮದ ಪ್ರಕಾರ ರಿಯಾಯಿತಿ ಇದೆ.

"ನನ್ನದು ಮಾಮೂಲಿ ಬಿ.ಎಡ್. ಆಗಿದೆ, ಸಾಕಾಗುತ್ತದಾ?" ಅಂತ ತುಂಬಾ ಜನ ಕೇಳುತ್ತಾರೆ. ಸಾಕಾಗಲ್ಲ. ಆರ್‌ಸಿಐ ಒಪ್ಪಿದ ವಿಶೇಷ ಶಿಕ್ಷಣದ ಕೋರ್ಸನ್ನು ಬೇರೆಯಾಗಿ ಮಾಡಲೇಬೇಕು. ದೂರಶಿಕ್ಷಣದಲ್ಲೂ ಬಿ.ಎಡ್. ಕೊಡುವ ಮುಕ್ತ ವಿಶ್ವವಿದ್ಯಾಲಯಗಳಿವೆ. ಆದರೆ ನೀವು ಸೇರುವ ವರ್ಷಕ್ಕೆ, ನೀವು ಆರಿಸಿದ ವಿಭಾಗಕ್ಕೆ ಪರಿಷತ್ತಿನ ಒಪ್ಪಿಗೆ ಇರಲೇಬೇಕು.

ಕಾಲೇಜು ನೋಡುವಾಗ

ನಾನು ದುಡ್ಡು ಕಳೆದುಕೊಂಡಿದ್ದು ಇಲ್ಲೇ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಆರ್‌ಸಿಐ ವೆಬ್‌ಸೈಟಿನಲ್ಲಿ ಒಪ್ಪಿಗೆ ಪಡೆದ ಸಂಸ್ಥೆಗಳ ಪಟ್ಟಿ ಇದೆ. ರಾಜ್ಯದ ಪ್ರಕಾರ ತೆಗೆದು ನೋಡಬಹುದು. ಕಾಲೇಜಿನ ಹೆಸರು ಅದರಲ್ಲಿದ್ದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಇನ್ನೂ ಮೂರು ನೋಡಿ. ಒಪ್ಪಿಗೆ ಇರುವ ಕೋರ್ಸ್ ಯಾವುದು? ವಿಭಾಗ ಯಾವುದು? ಒಪ್ಪಿಗೆ ಯಾವ ವರ್ಷದವರೆಗೆ? ಶ್ರವಣ ದೋಷದ ಡಿ.ಎಡ್.ಗೆ ಮಾತ್ರ ಒಪ್ಪಿಗೆ ಇದ್ದು, ಅದೇ ಬೋರ್ಡಿನ ಕೆಳಗೆ ಬೇರೆ ಸರ್ಟಿಫಿಕೇಟ್ ಕೋರ್ಸುಗಳನ್ನೂ ನಡೆಸುವವರಿದ್ದಾರೆ. ಅವಧಿ ಮುಗಿದಿದ್ದರೆ, "ನವೀಕರಣಕ್ಕೆ ಹಾಕಿದ್ದೇವೆ, ಬರುತ್ತೆ" ಅನ್ನುತ್ತಾರೆ. ಬರಲಿ, ಬಂದ ಮೇಲೆ ಸೇರೋಣ, ಅಲ್ವಾ? ಒಪ್ಪಿಗೆ ಪತ್ರದ ಪ್ರತಿ ಕೇಳಿ, ಫೋಟೋ ತೆಗೆದುಕೊಳ್ಳಿ. ಸರಿಯಾಗಿರುವ ಸಂಸ್ಥೆಯವರು ಅದನ್ನು ತೋರಿಸಲು ಬೇಜಾರು ಮಾಡಿಕೊಳ್ಳುವುದಿಲ್ಲ.

ಡಿಪ್ಲೊಮಾ ಪ್ರವೇಶದ ಪ್ರಕಟಣೆ, ಕೊನೆಯ ದಿನ, ಅರ್ಜಿ ಹಾಕುವ ಬಗೆ ಎಲ್ಲವೂ ಪರಿಷತ್ತಿನ ವೆಬ್‌ಸೈಟಿನಲ್ಲೇ ಬರುತ್ತದೆ. ಡಿಪ್ಲೊಮಾ ಪರೀಕ್ಷೆ ನಡೆಸಲು ಅವರದ್ದೇ ಮಂಡಳಿ ಇದೆ. ಬಿ.ಎಡ್. ಆದರೆ ವಿಶ್ವವಿದ್ಯಾಲಯದ ಲೆಕ್ಕ. ಪ್ರಕಟಣೆಯ ನಿಯಮ ವರ್ಷ ವರ್ಷ ಬದಲಾಗುತ್ತದೆ. ಹೋದ ವರ್ಷ ಸೇರಿದ ಅಕ್ಕನ ಮಾತು ಕೇಳಿ ಅರ್ಜಿ ಹಾಕಬೇಡಿ. ಈ ವರ್ಷದ ಪ್ರಕಟಣೆ ಓದಿ ಹಾಕಿ.

ನಮ್ಮ ಕಡೆಯವರಿಗೆ ಹತ್ತಿರದ ದೊಡ್ಡ ಜಾಗ ಅಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ ಅದು. ಶ್ರವಣ ದೋಷದ ವಿಭಾಗದಲ್ಲಿ ವಿಶೇಷ ಬಿ.ಎಡ್. ಅಲ್ಲಿದೆ. ಹಾಸನದಿಂದ ಹೊಳೆನರಸೀಪುರದ ಮೇಲೆ ರೈಲಿದೆ. ಕಡೂರು, ತರೀಕೆರೆ, ಅರಸೀಕೆರೆಯವರಿಗೆ ದಾವಣಗೆರೆ ರೈಲು ಸುಲಭ. ಅಲ್ಲಿ ಕೇಂದ್ರ ಸರ್ಕಾರದ ಸಂಯೋಜಿತ ಪ್ರಾದೇಶಿಕ ಕೇಂದ್ರ ಇದೆ, ಎಲ್ಲರೂ ಸಿಆರ್‌ಸಿ ಅನ್ನುತ್ತಾರೆ. ಈ ಸಲ ಯಾವ ಕೋರ್ಸಿಗೆ ಪ್ರವೇಶ ಇದೆ ಅಂತ ಅಲ್ಲೂ ವಿಚಾರಿಸಿ. ಶೃಂಗೇರಿ, ಕೊಪ್ಪ ಕಡೆಯಿಂದ ಯಾವ ಊರಿಗೆ ಹೋದರೂ ಹಾಸ್ಟೆಲ್ ಬೇಕೇ ಬೇಕು. ಫೀಸಿನ ಜೊತೆ ಹಾಸ್ಟೆಲ್ ಲೆಕ್ಕವನ್ನೂ ಮೊದಲೇ ಹಾಕಿ.

ಕಾಗದಪತ್ರ ಹೆಚ್ಚೇನಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಟಿಸಿ, ಡಿಗ್ರಿ ಆಗಿದ್ದರೆ ಅದರ ಎಲ್ಲ ಅಂಕಪಟ್ಟಿ, ಆಧಾರ್, ನಾಡಕಚೇರಿಯಿಂದ ಜಾತಿ ಆದಾಯ ಪ್ರಮಾಣಪತ್ರ. ಒಂದನ್ನು ಮಾತ್ರ ಕಣ್ಣಿಟ್ಟು ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರು, ಇನಿಷಿಯಲ್, ಹುಟ್ಟಿದ ದಿನ ಆಧಾರ್‌ನಲ್ಲೂ ಹಾಗೇ ಇರಬೇಕು. ಮುಂದೆ ನೋಂದಣಿ ಮಾಡುವಾಗ ಒಂದು ಅಕ್ಷರ ಆಚೀಚೆ ಆದರೂ ತಿಂಗಳುಗಟ್ಟಲೆ ಓಡಾಟ. ಆಧಾರ್ ತಿದ್ದಿಸುವ ಕೆಲಸ ಇದ್ದರೆ ಸೇರುವ ಮೊದಲೇ ಮುಗಿಸಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ನಿಮ್ಮ ಕೋರ್ಸಿನ ಹೆಸರು ಬರುತ್ತದಾ ನೋಡಿ.

ಆ ಎರಡು ವರ್ಷ

ಅರ್ಧ ಪುಸ್ತಕ, ಅರ್ಧ ಮಕ್ಕಳು. ಪುಸ್ತಕದಲ್ಲಿ ಮಗುವಿನ ಬೆಳವಣಿಗೆ, ನ್ಯೂನತೆಗಳ ಪರಿಚಯ, ಕಾಯ್ದೆ, ಕಲಿಸುವ ವಿಧಾನ ಇರುತ್ತದೆ. ಕನ್ನಡ ಮಾಧ್ಯಮದವರಿಗೆ ಮೊದಲ ಆರು ತಿಂಗಳು ಇಂಗ್ಲಿಷ್ ಪದಗಳೇ ಭಾರ. ನಾನು ಎರಡು ಕಾಲಂ ಹಾಕಿದ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ. ಈ ಕಡೆ ಇಂಗ್ಲಿಷ್ ಪದ, ಆ ಕಡೆ ನನ್ನ ಮಾತಿನಲ್ಲಿ ಅದರ ಅರ್ಥ. ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ತಾಯಂದಿರಿಗೆ ವಿವರಿಸುವಾಗ ಆ ಬಲಗಡೆಯ ಮಾತುಗಳೇ ಬಾಯಿಗೆ ಬರುತ್ತವೆ.

ಕಾಯ್ದೆಯ ಪಾಠವನ್ನು ಪರೀಕ್ಷೆಗೆ ಅಂತ ಮಾತ್ರ ಓದಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ. ಹಳೆಯ 1995ರ ಕಾಯ್ದೆಯಲ್ಲಿ ಇದ್ದದ್ದು ಏಳೇ. ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ನ್ಯೂನತೆ ಇರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯೋ, ವಿಶೇಷ ಶಾಲೆಯೋ ಆರಿಸಿಕೊಳ್ಳುವುದು ಅವರಿಗೆ ಬಿಟ್ಟದ್ದು. "ನಮ್ಮ ಮಗೂನ ಶಾಲೆಗೆ ಸೇರಿಸಿಕೊಳ್ಳಲ್ಲ ಅಂತಾರೆ" ಅಂತ ತಾಯಿಯೊಬ್ಬರು ನಿಮ್ಮ ಮುಂದೆ ಕೂತಾಗ ಈ ಸಾಲುಗಳು ಬಾಯಿಗೆ ಬರಬೇಕು. ಹಾಗೆಯೇ "ಬುದ್ಧಿಮಾಂದ್ಯ" ಅನ್ನುವ ಮಾತನ್ನು ಈಗಲೇ ಬಿಡಿ. ಮಗುವಿಗೆ ಅರ್ಥ ಆಗದಿದ್ದರೂ ಅಮ್ಮನಿಗೆ ನೋವಾಗುತ್ತದೆ.

ಪ್ರಾಯೋಗಿಕದಲ್ಲಿ ಒಂದೊಂದು ಮಗುವಿಗೂ ವೈಯಕ್ತಿಕ ಶಿಕ್ಷಣ ಯೋಜನೆ ಬರೆಯಬೇಕು. ಎಲ್ಲರೂ ಐಇಪಿ ಅನ್ನುತ್ತಾರೆ. ಈಗ ಮಗುವಿಗೆ ಏನು ಬರುತ್ತದೆ, ಮುಂದೆ ಏನು ಕಲಿಸಬೇಕು, ಹೇಗೆ, ಎಷ್ಟು ದಿನದಲ್ಲಿ, ಬಂತು ಅಂತ ಹೇಗೆ ತಿಳಿಯುತ್ತದೆ ಅಂತ ಅದರಲ್ಲಿ ಬರೆಯುತ್ತೇವೆ. ಬೌದ್ಧಿಕ ನ್ಯೂನತೆಯ ವಿಭಾಗದಲ್ಲಿ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಮಾಡಿದ, ಮಗುವಿಗೆ ಏನೇನು ಬರುತ್ತದೆ ಅಂತ ಗುರುತು ಹಾಕುವ ಎಫ್‌ಎಸಿಪಿ ಅನ್ನುವ ಪಟ್ಟಿ ಬಳಸುತ್ತಾರೆ. ತುಂಬಾ ಜನ ಗೆಳೆಯರ ಫೈಲ್ ನೋಡಿ ನಕಲು ಮಾಡಿ ಮಾರ್ಕ್ಸ್ ತೆಗೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. "ಎಣಿಕೆ ಕಲಿಯುವನು" ಅಂತ ಬರೆದರೆ ಅದು ಯೋಜನೆ ಅಲ್ಲ. "ತಟ್ಟೆಯಲ್ಲಿರುವ ಕಾಫಿ ಬೀಜದಲ್ಲಿ ಐದನ್ನು ಎಣಿಸಿ ಲೋಟಕ್ಕೆ ಹಾಕುವನು, ಹತ್ತು ಸಲದಲ್ಲಿ ಎಂಟು ಸಲ ಸರಿ" ಅಂತ ಬರೆದರೆ ಯೋಜನೆ. ತೋಟದ ಕೂಲಿಯವರ ಲೈನ್ ಮನೆಯ ಮಗುವಿಗೆ ಕಾಫಿ ಬೀಜ ಗೊತ್ತು, ಅಂಗಡಿಯ ಬಣ್ಣದ ಮಣಿ ಗೊತ್ತಿಲ್ಲ. ಬಾಯಿಗೆ ಹಾಕಿಕೊಳ್ಳುವ ಮಗುವಾದರೆ ಮಾತ್ರ ಬೀಜ ಬೇಡ, ಬಾಟಲಿ ಮುಚ್ಚಳ ತೆಗೆದುಕೊಳ್ಳಿ.

ಪಾಸಾದ ಮೇಲೆ: ನೋಂದಣಿ

ಅಂಕಪಟ್ಟಿ, ಸರ್ಟಿಫಿಕೇಟ್ ಕೈಗೆ ಬಂದ ವಾರವೇ ಸಿಆರ್‌ಆರ್ ನೋಂದಣಿಗೆ ಹಾಕಿ. ಆರ್‌ಸಿಐ ವೆಬ್‌ಸೈಟಿನಲ್ಲೇ ಆನ್‌ಲೈನ್ ಅರ್ಜಿ. ಹುಟ್ಟಿದ ದಿನಕ್ಕೆ ಎಸ್ಸೆಸ್ಸೆಲ್ಸಿ ದಾಖಲೆ, ಕೋರ್ಸಿನ ಅಂಕಪಟ್ಟಿ, ಸರ್ಟಿಫಿಕೇಟ್, ಫೋಟೋ, ಫೀಸು. ಸ್ಕ್ಯಾನ್ ಮಾಡುವಾಗ ಮೂಲ ಪ್ರತಿಯನ್ನೇ ಮಾಡಿಸಿ, ಜೆರಾಕ್ಸ್ ಬೇಡ. ಅಕ್ಷರ ಮಸುಕಾದರೆ ಅರ್ಜಿ ವಾಪಸ್ ಬರುತ್ತದೆ. ಆಮೇಲೆ ಲಾಗಿನ್ ಆಗಿ ಆಗಾಗ ನೋಡುತ್ತಿರಿ. ಏನಾದರೂ ಕಮ್ಮಿ ಇದ್ದರೆ ಅಲ್ಲೇ ಬರೆದಿರುತ್ತಾರೆ. ಈ ಕೆಲಸಕ್ಕೆ ದಲ್ಲಾಳಿ ಬೇಕಾಗಿಲ್ಲ, ಯಾರಿಗೂ ದುಡ್ಡು ಕೊಡಬೇಡಿ.

ಕೆಲಸ ಹುಡುಕುವಾಗ

ಶಾಲಾ ಶಿಕ್ಷಕರ ನೇಮಕಾತಿಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. 2010ರ ಎನ್‌ಸಿಟಿಇ ಅಧಿಸೂಚನೆ ವಿಶೇಷ ಡಿ.ಎಡ್. ಆದವರನ್ನು 1ರಿಂದ 5ನೇ ತರಗತಿಗೂ, ವಿಶೇಷ ಬಿ.ಎಡ್. ಆದವರನ್ನು 6ರಿಂದ 8ನೇ ತರಗತಿಗೂ ಒಪ್ಪುತ್ತದೆ. ನೇಮಕ ಆದ ಮೇಲೆ ಆರು ತಿಂಗಳ ಒಂದು ತರಬೇತಿ ಮಾಡಬೇಕು. ಕರ್ನಾಟಕ ಟಿಇಟಿಯಲ್ಲಿ 150 ಪ್ರಶ್ನೆ, 150 ಅಂಕ. ಸಾಮಾನ್ಯ ವರ್ಗದವರಿಗೆ ಶೇಕಡಾ 60 ಬೇಕು. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ 1 ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ 55. ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ. 30 ಅಂಕದ ಮಕ್ಕಳ ಬೆಳವಣಿಗೆ ಮತ್ತು ಬೋಧನಾ ಶಾಸ್ತ್ರ ನಿಮಗೆ ಸುಲಭ, ಎರಡು ವರ್ಷ ಅದನ್ನೇ ಓದಿರುತ್ತೀರಿ. ಕೈ ಕೊಡುವುದು ಗಣಿತ.

ಸರ್ಕಾರಿ ಹುದ್ದೆಗಳ ವಿಷಯದಲ್ಲಿ ಒಂದು ಭರವಸೆಯ ಸಂಗತಿ ಇದೆ. 2021ರ ಅಕ್ಟೋಬರ್ 28ರಂದು ಸುಪ್ರೀಂ ಕೋರ್ಟ್ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ, ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಮೇಲಿನ ಹಂತಗಳಲ್ಲಿ ಹದಿನೈದಕ್ಕೆ ಒಬ್ಬ ಇರಬೇಕು ಅಂದಿತು. 2025ರ ಮಾರ್ಚ್‌ನಲ್ಲಿ ಮತ್ತೆ, ರಾಜ್ಯಗಳು ಎಷ್ಟು ಹುದ್ದೆ ಬೇಕು ಅಂತ ಲೆಕ್ಕ ಮಾಡಿ ಪ್ರಕಟಿಸಬೇಕು ಅಂತ ಆದೇಶ ಕೊಟ್ಟಿತು. ಹುದ್ದೆ ತುಂಬುವಾಗ ಮೊದಲು ನೋಡುವುದು ನಿಮ್ಮ ನೋಂದಣಿಯನ್ನೇ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ಪ್ರಮಾಣಪತ್ರಗಳನ್ನೂ ಓದಿದ ಶಾಲೆಯಿಂದ ಈಗಲೇ ಮಾಡಿಸಿಡಿ. ಅರ್ಜಿ ಕರೆದಾಗ ಹಳೆಯ ಶಾಲೆಗೆ ಓಡುವವರ ಸಾಲೇ ಇರುತ್ತದೆ.

ಅಲ್ಲಿಯವರೆಗೆ ವಿಶೇಷ ಶಾಲೆಗಳಲ್ಲಿ, ಮಕ್ಕಳ ಥೆರಪಿ ಕೇಂದ್ರಗಳಲ್ಲಿ, ಖಾಸಗಿ ಶಾಲೆಗಳಲ್ಲಿ ಕೆಲಸ ಸಿಗುತ್ತದೆ. ಶುರುವಿನ ಸಂಬಳ ಕಮ್ಮಿ. ಅದನ್ನು ಮುಚ್ಚಿಟ್ಟು ನಿಮ್ಮನ್ನು ಕರೆಯುವುದು ನನಗೆ ಇಷ್ಟ ಇಲ್ಲ. ಮನೆಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಮನೆ ಭೇಟಿಯ ಕೆಲಸ ಸಿಕ್ಕರೆ ಸಕಲೇಶಪುರ, ಆಲೂರು, ಮೂಡಿಗೆರೆ ತೋಟದ ದಾರಿಯಲ್ಲಿ ಹೊರಡುವ ಮೊದಲು ಆ ಮನೆಗೆ ಫೋನ್ ಮಾಡಿ, ಆನೆ ಎಲ್ಲಿದೆ ಅಂತ ಕೇಳಿ. ಸಂಜೆ ನಾಲ್ಕರ ಮೇಲೆ ಒಬ್ಬರೇ ನಡೆಯಬೇಡಿ.

ಇನ್ನೊಂದು ಬಾಕಿ ಇದೆ. ಸಿಆರ್‌ಆರ್ ನೋಂದಣಿ ಐದು ವರ್ಷಕ್ಕೆ. ನವೀಕರಣ ಮಾಡಿಸಲು ಆ ಐದು ವರ್ಷದಲ್ಲಿ ಸಿಆರ್‌ಇ (ನಿರಂತರ ಪುನರ್ವಸತಿ ಶಿಕ್ಷಣ) ತರಬೇತಿಗಳಿಗೆ ಹೋಗಿ ಅಂಕ ಸೇರಿಸಿರಬೇಕು. ಕೊನೆಯ ವರ್ಷಕ್ಕೆ ಗುಡ್ಡೆ ಹಾಕಿಕೊಳ್ಳಬೇಡಿ, ವರ್ಷಕ್ಕೆ ಒಂದೆರಡಕ್ಕೆ ಹೋಗಿ. ಆನ್‌ಲೈನ್‌ನಲ್ಲೂ ನಡೆಯುತ್ತವೆ, ಆದರೆ ಆರ್‌ಸಿಐ ಒಪ್ಪಿದ್ದು ಹೌದಾ ಅಂತ ಇಲ್ಲೂ ನೋಡಿಕೊಳ್ಳಿ. ಪ್ರತಿ ತರಬೇತಿಯ ಸರ್ಟಿಫಿಕೇಟನ್ನು ಅವತ್ತೇ ಫೋಟೋ ತೆಗೆದು, ಮೂಲ ಪ್ರತಿಯನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿಡಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬೀರುವಿನೊಳಗಿನ ಕಾಗದಕ್ಕೂ ಬೂಸ್ಟು ಹಿಡಿಯುತ್ತದೆ. ನವೀಕರಣದ ದಿನಾಂಕವನ್ನು ಆ ಫೈಲಿನ ಮೇಲೆಯೇ ದೊಡ್ಡದಾಗಿ ಬರೆದಿಡಿ.